ಟ್ಯಾಂಕಿನ ಉಸಿರು

ದಿನಸಿ ಅಂಗಡಿಯವನು ಹದಿನೈದು ಕೆ.ಜಿ. ಎಣ್ಣೆಯ ಡಬ್ಬವನ್ನು ಬಿಡಿಯಾಗಿ ಮಾರುವುದಕ್ಕೆಂದು ತೆರೆಯುವಾಗ, ಮೊಳೆಯನ್ನಿಟ್ಟು ಸುತ್ತಿಗೆಯಿಂದ ಒಂದು ಮೂಲೆಯಲ್ಲಿ ತೂತು ಹೊಡೆದು ಅಷ್ಟಕ್ಕೇ ನಿಲ್ಲಿಸದೆ, ಅದಕ್ಕೆದುರಾದ ಮೂಲೆಯಲ್ಲಿ ಇನ್ನೊಂದನ್ನೂ ಹೊಡೆಯುತ್ತಾನೆ. ಮೊದಲನೆಯದು ಎಣ್ಣೆ ಹೊರಬರಲು, ಎರಡನೆಯದು ಗಾಳಿ ಒಳಹೋಗಲು. ವಾಯುಮಂಡಲದ ಒತ್ತಡವೆಂಬ ಮಾತನ್ನು ಎಂದೂ ಕೇಳದವನಿಗೂ, ಆ ಎರಡನೆಯ ತೂತಿಲ್ಲದಿದ್ದರೆ ಎಣ್ಣೆಯು ಗೊಳಕ್ ಗೊಳಕ್ ಎಂದು ಬಿಕ್ಕುತ್ತ ಸುರಿದು ಕಡೆಗೆ ನಿಂತೇ ಹೋಗುತ್ತದೆಂಬುದು ಕೈಯಿಂದ ಬಂದ ತಿಳಿವಳಿಕೆ. ಮೋಟಾರು ಕಾರಿನ ಪೆಟ್ರೋಲ್ ಟ್ಯಾಂಕೂ ಈ ಡಬ್ಬದ ವಂಶಕ್ಕೇ ಸೇರಿದುದು. ಆದರೆ ಅಂಗಡಿಯವನು ಎಂದಿಗೂ ಮರೆಯದ ಎರಡನೆಯ ತೂತನ್ನು ಮೋಟಾರು ವಿದ್ಯೆಯಲ್ಲಿ ನಿಷ್ಣಾತರಾದವರು ಮರೆಯುವುದುಂಟೆಂಬುದೂ, ಹಾಗೆ ಮರೆತಾಗ ನಿರಪರಾಧಿಗಳಾದ ಅನೇಕ ಭಾಗಗಳು ಶಿಕ್ಷೆಗೆ ಗುರಿಯಾಗುತ್ತವೆಂಬುದೂ ಪ್ರಕೃತ ಲೇಖನಕ್ಕೆ ಪ್ರೇರಣೆ.

ನಂದಿನಿ ಲೇಔಟಿನ ನಮ್ಮ ಬೀದಿಯಲ್ಲಿ, ಮಿತ್ರರೊಬ್ಬರ ಮನೆಯ ಪಕ್ಕದ ತಗಡಿನ ಷೆಡ್ಡಿನೊಳಗೆ, 1967ರ ಎಂ.ಜಿ.ಬಿ. ಕಾರೊಂದು ವಾಸವಾಗಿದೆ. ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾದ, ಇಬ್ಬರಿಗಷ್ಟೇ ಸ್ಥಳವುಳ್ಳ ಈ ತಗ್ಗಾದ ಸ್ಪೋರ್ಟ್ಸ್ ಕಾರಿಗೂ, ಇಂದು ಅದೇ ಅಕ್ಷರಗಳನ್ನು ಹಣೆಯಲ್ಲಿ ಹೊತ್ತು ನಮ್ಮ ರಿಂಗ್ ರಸ್ತೆಯಲ್ಲಿ ಓಡಾಡುವ ಎತ್ತರದ ಕಾರುಗಳಿಗೂ ಹೆಸರನ್ನುಳಿದು ಬೇರೆ ನಂಟೇನೂ ಇಲ್ಲ. ಕೊಡಗಿನ ತೋಟದ ಮನೆಯೊಂದರ ಕೊಟ್ಟಿಗೆಯಲ್ಲಿ ಬಹುಕಾಲ ಕೋಳಿಗಳಿಗೆ ಆಶ್ರಯವಾಗಿದ್ದ ಇದನ್ನು ಮಿತ್ರರು ತಂದು, ಇತ್ತ ಪೀಣ್ಯದ ಸಣ್ಣ ಕಾರ್ಖಾನೆಗಳೂ ಅತ್ತ ಲಗ್ಗೆರೆಯ ಲೇತ್ ಅಂಗಡಿಗಳೂ ಕೂಗಳತೆಯಲ್ಲಿರುವ ಅನುಕೂಲದಿಂದ, ಒಂದೊಂದೇ ಅಂಗವನ್ನು ಸರಿಪಡಿಸಿ ಓಡುವಂತೆ ಮಾಡಿದರು. ಮಾಡಿದ ಮೇಲೆ ಕಂಡುಬಂದ ರೋಗ ವಿಚಿತ್ರವಾಗಿತ್ತು. ಗೊರಗುಂಟೆಪಾಳ್ಯದ ಬಳಿ ಪೆಟ್ರೋಲ್ ತುಂಬಿಸಿಕೊಂಡು ತುಮಕೂರು ರಸ್ತೆ ಹಿಡಿದರೆ, ದಾಸರಹಳ್ಳಿಯವರೆಗೆ ಉಲ್ಲಾಸದಿಂದ ಸಾಗಿ, ಮಾದಾವರ ಸಮೀಪಿಸುವಷ್ಟರಲ್ಲಿ ಎಂಜಿನ್ ಮಿಸ್ ಹೊಡೆಯಲಾರಂಭಿಸಿ, ಎರಡು ಮೂರು ಬಾರಿ ಕೆಮ್ಮಿ, ರಸ್ತೆಯ ಬದಿಯಲ್ಲಿ ನಿಂತುಬಿಡುವುದು. ಕಾಲು ಗಂಟೆ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವುದು. ಟ್ಯಾಂಕು ಅರ್ಧಕ್ಕಿಂತ ಕಡಿಮೆಯಿದ್ದ ದಿನ ಈ ತೊಂದರೆಯೇ ಇಲ್ಲ; ತುಂಬಿಸಿದ ದಿನ ತಪ್ಪದೆ ಬರುವುದು. ಆದಕಾರಣ ಮೊದಲು ಅಪವಾದ ಹೊತ್ತದ್ದು ಬಂಕಿನ ಪೆಟ್ರೋಲ್. ಬಂಕು ಬದಲಾಯಿಸಿದರೂ ಫಲವಿಲ್ಲದಿರಲು ಕಾರ್ಬೊರೇಟರ್ ಎರಡನ್ನೂ ಬಿಚ್ಚಿ ತೊಳೆದದ್ದಾಯಿತು, ಆಮೇಲೆ ಕಾಯಿಲ್ ಹೋಯಿತು, ಕಂಡೆನ್ಸರ್ ಹೋಯಿತು, ಕಡೆಗೆ ಹಿಂಭಾಗದ ವಿದ್ಯುತ್ ಪಂಪನ್ನೇ ಇಳಿಸಿ ವಿದೇಶದಿಂದ ತರಿಸಿದ ಹೊಸದನ್ನು ಕೂರಿಸಲಾಯಿತು. ಹೊಸ ಪಂಪೂ ಮಾದಾವರದಲ್ಲೇ ಸೋತಿತು. ನೋಡಿದ ಮೆಕ್ಯಾನಿಕ್‌ಗಳಲ್ಲಿ ಮೂವರು ಒಂದೇ ಮಾತನ್ನು ಹೇಳಿದರು: “ಏರ್ ಲಾಕ್ ಆಗಿದೆ ಸಾರ್.” ಗಾಳಿ ಇರಬಾರದ ಕಡೆ ಇದೆಯೆಂಬುದು ಅವರ ಅಭಿಪ್ರಾಯ. ಗಾಳಿ ಇರಬೇಕಾದ ಕಡೆ ಇಲ್ಲವೆಂಬುದು ನಿಜಸ್ಥಿತಿ.

ಇದರ ಭೌತಶಾಸ್ತ್ರ ಸರಳವಾದುದು. ಎಂಜಿನ್ನು ಒಂದು ಲೀಟರ್ ಪೆಟ್ರೋಲನ್ನು ಎಳೆದುಕೊಂಡರೆ ಅದರ ಸ್ಥಾನವನ್ನು ತುಂಬಲು ಒಂದು ಲೀಟರ್ ಗಾಳಿ ಟ್ಯಾಂಕಿನೊಳಗೆ ಬರಬೇಕು. ಬರಲು ದಾರಿಯಿಲ್ಲದಿದ್ದರೆ ಒಳಗಿರುವ ಅಲ್ಪ ಗಾಳಿಯೇ ಹಿಗ್ಗಿ ತೆಳುವಾಗುತ್ತದೆ, ಅದರ ಒತ್ತಡ ಇಳಿಯುತ್ತದೆ. ಟ್ಯಾಂಕನ್ನು ಕಂಠಪೂರ್ತಿ ತುಂಬಿದಾಗ ಮೇಲೆ ಉಳಿಯುವ ಖಾಲಿ ಜಾಗ 5 ಲೀಟರ್ ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ಖರ್ಚಾದೊಡನೆ ಆ ಗಾಳಿ 6 ಲೀಟರ್ ಜಾಗವನ್ನು ತುಂಬಬೇಕಾಗಿ, ಲೆಕ್ಕದ ಮಟ್ಟಿಗೆ ಒತ್ತಡದ ಆರನೆಯ ಒಂದು ಪಾಲು ಕಳೆದುಹೋಗುತ್ತದೆ. ಅದೇ ಟ್ಯಾಂಕಿನಲ್ಲಿ 40 ಲೀಟರ್ ಜಾಗ ಖಾಲಿಯಿದ್ದರೆ ಒಂದು ಲೀಟರಿನ ಖರ್ಚಿಗೆ ಕಳೆಯುವುದು ನಲವತ್ತೊಂದನೆಯ ಒಂದು ಪಾಲು ಮಾತ್ರ. ಪೆಟ್ರೋಲಿನ ಆವಿ ಸೇರಿಕೊಂಡು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದಾದರೂ ತಾರತಮ್ಯ ಅಳಿಯುವುದಿಲ್ಲ. ತುಂಬಿಸಿದ ದಿನವೇ ಕಾರು ಕೈಕೊಡುವ ರಹಸ್ಯವಿದು. ಬಂಕಿನವನು ಇಲ್ಲಿ ಸರ್ವಥಾ ನಿರ್ದೋಷಿ. ಇನ್ನು, ಹೊರಗಿನ ಗಾಳಿ ಸುಮ್ಮನಿರುತ್ತದೆಯೆ? ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 0.93 ಕಿಲೋಗ್ರಾಮ್ ಭಾರದಿಂದ ಒತ್ತುತ್ತಿರುತ್ತದೆ. ಒಳಗಿನ ಒತ್ತಡ 0.05ರಷ್ಟು ಇಳಿದರೂ ಸಾಕು, 60 ಸೆಂಟಿಮೀಟರ್ ಉದ್ದ 40 ಸೆಂಟಿಮೀಟರ್ ಅಗಲದ ತಗಡಿನ ಮೇಲೆ 120 ಕಿಲೋಗ್ರಾಮ್ ಭಾರ ಹೇರಿದಂತಾಗುತ್ತದೆ, ಅಂದರೆ ಮೈಕೈ ತುಂಬಿಕೊಂಡ ಇಬ್ಬರು ಅದರ ಮೇಲೆ ನಿಂತಂತೆ. ಹಳೆಯ ಕಾರುಗಳ ಟ್ಯಾಂಕು ಒಮ್ಮೊಮ್ಮೆ ಕಾರಣವಿಲ್ಲದೆ ಸೊಟ್ಟಗಾಗಿ ಒಳಕ್ಕೆ ಕುಸಿದಿರುವುದನ್ನು ಕಂಡು, ಕಲ್ಲು ತಗುಲಿರಬೇಕೆಂದು ಟಿಂಕರಿಂಗ್‌ನವರ ಬಳಿಗೆ ಒಯ್ಯುವುದುಂಟು. ಕುಸಿದದ್ದು ಮೇಲ್ಭಾಗವಾಗಿದ್ದರೆ ಕಲ್ಲು ಅಲ್ಲಿಗೆ ಹೇಗೆ ತಲುಪೀತು?

ಈ ಅನುಭವ ಕಾರು ಇಟ್ಟವರಿಗಷ್ಟೇ ಸೀಮಿತವಾದುದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿ ಬೈಕುಗಳನ್ನು ಓಡಿಸಿದ ತಲೆಮಾರಿನವರಲ್ಲಿ ಎಷ್ಟೋ ಮಂದಿ, ದಾರಿಯಲ್ಲಿ ಗಾಡಿ ನಿಂತಾಗ ಟ್ಯಾಂಕಿನ ಮುಚ್ಚಳವನ್ನು ಒಮ್ಮೆ ತೆರೆದು ಮುಚ್ಚಿ, ಕಿಕ್ ಹೊಡೆದು ಮುಂದುವರಿದವರೇ. ಮುಚ್ಚಳದ ಸೂಕ್ಷ್ಮರಂಧ್ರದಲ್ಲಿ ಧೂಳು ಕುಳಿತಿತ್ತೆಂಬ ಕಾರಣವನ್ನು ಅವರು ಅರಿತಿದ್ದರೋ ಇಲ್ಲವೋ, ಪರಿಹಾರವನ್ನಂತೂ ಅರಿತಿದ್ದರು.

ಟ್ಯಾಂಕಿನ ಉಸಿರಾಟಕ್ಕೆ ಕಾಲಕಾಲಕ್ಕೆ ಮಾಡಿದ ಏರ್ಪಾಡುಗಳನ್ನು ಅವಲೋಕಿಸಿದರೆ ಸ್ಥೂಲವಾಗಿ ಎರಡು ಯುಗಗಳು ಕಾಣುತ್ತವೆ. 1970ಕ್ಕೆ ಹಿಂದಿನ ಬಹುಪಾಲು ಕಾರುಗಳಲ್ಲಿ ಟ್ಯಾಂಕು ನೇರವಾಗಿ ಹೊರಗಾಳಿಯೊಡನೆ ಉಸಿರಾಡುತ್ತಿತ್ತು, ಮುಚ್ಚಳದಲ್ಲೇ ಕೊರೆದ ರಂಧ್ರದ ಮೂಲಕವಾಗಿ, ಇಲ್ಲವೆ ಟ್ಯಾಂಕಿನ ನೆತ್ತಿಯಿಂದ ಹೊರಟು ಎಲ್ಲಿಯೋ ಚಕ್ರದ ಮೇಲ್ಗಡೆ ಬಾಯಿ ತೆರೆಯುವ ಸಣ್ಣ ಕೊಳವೆಯ ಮೂಲಕವಾಗಿ. ಗ್ಯಾರೇಜಿನವರು ಇದನ್ನು ಬ್ರೀದರ್ ಪೈಪ್ ಎನ್ನುತ್ತಾರೆ. ಹೀಗೆ ಹೊರಬೀಳುವ ಆವಿ ನಗರದ ಗಾಳಿಯನ್ನು ಕೆಡಿಸುತ್ತದೆಂಬ ಅರಿವು ಮೂಡಿ, ಕ್ಯಾಲಿಫೋರ್ನಿಯದಲ್ಲಿ 1970ರಿಂದಲೂ ಅಮೆರಿಕ ದೇಶದಾದ್ಯಂತ 1971ರಿಂದಲೂ ಅದನ್ನು ಹಿಡಿದಿಡಬೇಕೆಂಬ ಕಟ್ಟಳೆ ಬಂದಾಗ ಎರಡನೆಯ ಯುಗ ಆರಂಭವಾಯಿತು. ಮುಚ್ಚಳವನ್ನು ಬಿಗಿಯಾಗಿ ಮುಚ್ಚಿದರು. ಆವಿಯನ್ನು ಕೊಳವೆಯಲ್ಲಿ ಮುಂದಕ್ಕೊಯ್ದು, ಇದ್ದಿಲು ತುಂಬಿದ ಡಬ್ಬಿಯೊಂದರಲ್ಲಿ ಹೀರಿಸಿ, ಎಂಜಿನ್ ಓಡುವಾಗ ಆ ಡಬ್ಬಿಯ ಆವಿಯನ್ನು ಎಂಜಿನ್ನೇ ಸೇವಿಸುವಂತೆ ಮಾಡಿದರು. ಟ್ಯಾಂಕಿಗೆ ಬೇಕಾದ ಗಾಳಿಯೂ ಅದೇ ಡಬ್ಬಿಯ ಮಾರ್ಗವಾಗಿ ಹಿಂದಿರುಗತಕ್ಕದ್ದೆಂದು ಗೊತ್ತುಮಾಡಿದರು. ನಮ್ಮ ದೇಶದ ಕಾರುಗಳಿಗೆ ಈ ಬಗೆಯ ನಿಬಂಧನೆ ಅನ್ವಯವಾದದ್ದು 1996ರಲ್ಲಿ. ಮೊದಲ ಯುಗದ ಕಾರಿಗೆ ಉಸಿರು ಮುಚ್ಚಳದಲ್ಲಿದೆ. ಎರಡನೆಯದಕ್ಕೆ ಉಸಿರು ಕೊಳವೆಗಳಲ್ಲಿದೆ.

ಈ ಸಮೀಕ್ಷೆಯಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟೇ: ಹಳೆಯ ಕಾರುಗಳ ಈ ವ್ಯಾಧಿಗೆ ವೃದ್ಧಾಪ್ಯಕ್ಕಿಂತ ಹೆಚ್ಚಾಗಿ ಯುಗಸಂಕರವೇ ಕಾರಣ. ಎಂ.ಜಿ.ಬಿ.ಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅದರ ಟ್ಯಾಂಕಿನ ಕೊರಳಿಗೆ ಹೊಂದುವ ಮುಚ್ಚಳಗಳಲ್ಲಿ ರಂಧ್ರವುಳ್ಳದ್ದೂ ರಂಧ್ರವಿಲ್ಲದ್ದೂ ಎರಡೂ ಸಿಗುತ್ತವೆ. ಹೊರನೋಟಕ್ಕೆ ಅವಳಿ ಮಕ್ಕಳು. ಮಿತ್ರರ ಕಾರಿನ ಮೂಲ ಮುಚ್ಚಳ ತುಕ್ಕು ಹಿಡಿದಿತ್ತೆಂದು, ಕಾರಿಗೆ ಬಣ್ಣ ಹೊಡೆಸಿದ ಸಂಭ್ರಮದಲ್ಲಿ ಯಾರೋ ಹಿತೈಷಿಗಳು ಥಳಥಳಿಸುವ ಹೊಸ ಮುಚ್ಚಳವೊಂದನ್ನು ತಂದುಕೊಟ್ಟಿದ್ದರು. ಅದು ಎರಡನೆಯ ಯುಗದ್ದು. ಇದ್ದಿಲ ಡಬ್ಬಿಯೇ ಇಲ್ಲದ 1967ರ ಕಾರಿಗೆ ಅದನ್ನು ಹಾಕಿದ್ದೆಂದರೆ ಮೂಗಿಗೂ ಬಾಯಿಗೂ ಬಟ್ಟೆ ಕಟ್ಟಿ ಓಡೆಂದಂತೆಯೇ. ಇದರ ವಿಪರ್ಯಯವೂ ಉಂಟು: ಇದ್ದಿಲ ಡಬ್ಬಿಯಿರುವ ಕಾರಿಗೆ ರಂಧ್ರದ ಮುಚ್ಚಳ ಹಾಕಿದರೆ ಕಾರೇನೋ ಓಡುತ್ತದೆ, ಆದರೆ ಷೆಡ್ಡಿನ ತುಂಬ ಪೆಟ್ರೋಲ್ ವಾಸನೆ. ಬೆಂಗಳೂರಿನಂಥ ಊರಿನಲ್ಲಿ, ಜೆ.ಸಿ. ರಸ್ತೆಯಲ್ಲಿ ಹೊಸದಾಗಿಯೂ ಶಿವಾಜಿನಗರದ ಗುಜರಿಯಲ್ಲಿ ಹಳೆಯದಾಗಿಯೂ ಸಿಕ್ಕಿದ್ದನ್ನು ಹೊಂದಿಸಿಕೊಂಡು ಕಾರನ್ನು ಜೀವಂತವಾಗಿಡುವ ಜಾಣ್ಮೆ ನಮ್ಮ ಮೆಕ್ಯಾನಿಕ್‌ಗಳಿಗೆ ವಿಶೇಷವಾಗಿ ಇರುವುದರಿಂದಲೇ, ಈ ಸಂಕರವೂ ಇಲ್ಲಿ ಹೆಚ್ಚು. “ಕೂತ್ಕೊಂತು ಸಾರ್” ಎಂಬುದು ಅಳತೆಯ ಮಟ್ಟಿಗೆ ಸತ್ಯ. ಕೆಲಸದ ಮಟ್ಟಿಗೆ ಇನ್ನೂ ಪರೀಕ್ಷೆಯಾಗಬೇಕಾದದ್ದು.

ಗಾಳಿ ಒಳಬಾರದ ರೋಗ ಒಂದಾದರೆ ಆವಿ ಹೊರಹೋಗದ ರೋಗ ಮತ್ತೊಂದು. ಪೆಟ್ರೋಲು ಪ್ರತಿ 10 ಡಿಗ್ರಿ ತಾಪಕ್ಕೆ ಸುಮಾರು ನೂರಕ್ಕೆ ಒಂದರಂತೆ ಹಿಗ್ಗುತ್ತದೆ. ನೆಲದೊಳಗಿನ ತಂಪಾದ ತೊಟ್ಟಿಯಿಂದ ಬಂದ 50 ಲೀಟರ್ ಪೆಟ್ರೋಲನ್ನು ಬಿಸಿಲಿನಲ್ಲಿ ನಿಲ್ಲಿಸಿದರೆ ಅರ್ಧ ಲೀಟರಿನಷ್ಟಾದರೂ ಹೆಚ್ಚಾಗಿ ಜಾಗ ಕೇಳುತ್ತದೆ; ಅದರ ಮೇಲೆ ಆವಿಯ ಒತ್ತಡ ಬೇರೆ. ತಂಪಿಗೆ ಹೆಸರಾದ ಈ ಊರಿನಲ್ಲೇ 2016ರ ಏಪ್ರಿಲ್‌ನಲ್ಲಿ ಪಾದರಸ 39.2 ಡಿಗ್ರಿಗೆ ಏರಿತ್ತೆಂಬುದನ್ನೂ, ತಗಡಿನ ಷೆಡ್ಡಿನೊಳಗಿನ ಶಾಖ ಅದಕ್ಕಿಂತ ಮಿಗಿಲೆಂಬುದನ್ನೂ ನೆನೆದರೆ, ಉಸಿರುದಾರಿ ಕಟ್ಟಿದ ಟ್ಯಾಂಕು ಬೇಸಗೆಯಲ್ಲಿ ಉಬ್ಬುವುದು ಆಶ್ಚರ್ಯವಲ್ಲ. ಆಗ ಪೆಟ್ರೋಲು ತನಗೆ ತೋಚಿದ ದಾರಿ ಹಿಡಿಯುತ್ತದೆ: ಕಾರ್ಬೊರೇಟರಿನ ಸೂಜಿಯನ್ನು ಮೀರಿ ಉಕ್ಕಬಹುದು, ಬಿರುಕುಬಿಟ್ಟ ರಬ್ಬರಿನಿಂದ ಜಿನುಗಬಹುದು. ಜಪಾನಿನ ಡಟ್ಸನ್ 240ಝಡ್ ಎಂಬ ಪ್ರಸಿದ್ಧ ಸ್ಪೋರ್ಟ್ಸ್ ಕಾರಿನಲ್ಲಿ ಆವಿಯನ್ನು ದ್ರವದಿಂದ ಬೇರ್ಪಡಿಸುವ ಪುಟ್ಟ ತೊಟ್ಟಿಯೊಂದು ಹಿಂಬದಿಯ ಒಳಮೈಯಲ್ಲಿ ಅಡಗಿದ್ದು, ಅದಕ್ಕೆ ಸೇರುವ ರಬ್ಬರ್ ಕೊಳವೆಗಳು ವಯಸ್ಸಾಗಿ ಸೀಳಿದಾಗ ವಾಸನೆಯೆಲ್ಲ ಒಳಗೆ ಕೂರುವವರ ಮೂಗಿಗೇ ಬರುತ್ತದೆ. ಮಾಲೀಕರು ಹೊರಗೆಲ್ಲ ಸೋರಿಕೆ ಹುಡುಕಿ ಹುಡುಕಿ ಬೇಸರುತ್ತಾರೆ.

ಪರೀಕ್ಷೆಯ ಕ್ರಮವನ್ನು ಇಲ್ಲಿ ವಿವರಿಸುವುದು ಯುಕ್ತ. ಕಾರು ನಿಂತ ಕೂಡಲೆ, ಇಗ್ನಿಷನ್ ಆರಿಸಿ, ಸಮೀಪದಲ್ಲಿ ಬೀಡಿ ಸಿಗರೇಟು ಇಲ್ಲದಂತೆ ನೋಡಿಕೊಂಡು, ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಕಿವಿಗೊಡಬೇಕು. ‘ಸುಯ್’ ಎಂಬ ಶಬ್ದ ಬಂತೆಂದರೆ ಅರ್ಧ ರೋಗನಿದಾನ ಆದಂತೆ. ಆದರೆ ಆ ಉಸಿರು ಒಳಹೋಯಿತೋ ಹೊರಬಂತೋ ಎಂಬುದನ್ನು ಕಿವಿ ಹೇಳಲಾರದು. ತೆಳುವಾದ ಪ್ಲಾಸ್ಟಿಕ್ ಕವರಿನ ತುಂಡೊಂದನ್ನು ಮುಚ್ಚಳದ ಅಂಚಿಗೆ ಹಿಡಿದರೆ ಅದು ಒಳಕ್ಕೆ ಅಂಟಿಕೊಳ್ಳುವುದೋ ಹೊರಕ್ಕೆ ಪಟಪಟಿಸುವುದೋ ಎಂಬುದರಿಂದ ಎರಡು ರೋಗಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಎಂ.ಜಿ.ಬಿ.ಯಂಥ ಕಾರಿನಲ್ಲಿ ಇನ್ನೊಂದು ಸಾಕ್ಷಿ ದೊರೆಯುತ್ತದೆ. ಅದರ ಎಸ್.ಯು. ವಿದ್ಯುತ್ ಪಂಪು ಟ್ಯಾಂಕಿನ ಬಳಿಯಲ್ಲೇ ಇದ್ದು, ಟಿಕ್ ಟಿಕ್ ಎಂದು ಬಡಿದುಕೊಳ್ಳುತ್ತ ಕೆಲಸಮಾಡುವುದು ಹೊರಗೇ ಕೇಳಿಸುತ್ತದೆ. ಟ್ಯಾಂಕಿನಲ್ಲಿ ನಿರ್ವಾತ ಬೆಳೆದಂತೆ ಪ್ರತಿಯೊಂದು ಎಳೆತವೂ ಭಾರವಾಗಿ ಆ ಬಡಿತ ವಿಳಂಬಗತಿಗೆ ಇಳಿದು ಕಡೆಗೆ ನಿಲ್ಲುವುದು. ಮುಚ್ಚಳ ತೆರೆದು ಮುಚ್ಚಿ ಮತ್ತೆ ಕೀಲಿ ತಿರುಗಿಸಿದೊಡನೆ ದ್ರುತಗತಿಗೆ ಏರಿ, ಕಾರ್ಬೊರೇಟರ್ ತುಂಬಿದ ಮೇಲೆ ತಾನಾಗಿ ವಿರಮಿಸುವುದು. ಮಾದಾವರದ ರಸ್ತೆಬದಿಯಲ್ಲಿ ಇದನ್ನು ಕೇಳಿಸಿಕೊಂಡ ಆ ಸಂಜೆ, ಲಾರಿಗಳ ಗದ್ದಲದ ನಡುವೆ, ನಾನೂ ಮಿತ್ರರೂ ಡಿಕ್ಕಿಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಪರಸ್ಪರ ಮುಖ ನೋಡಿಕೊಂಡೆವು. ಅಷ್ಟು ದಿನ ಬಿಚ್ಚಿ ಕಟ್ಟಿದ್ದರಲ್ಲಿ ಪಂಪೊಂದನ್ನುಳಿದು ಮಿಕ್ಕಿದ್ದೆಲ್ಲ ಮುಂಭಾಗದ ಬಾನೆಟ್ಟಿನೊಳಗಿನದು. ಉತ್ತರ ಹಿಂಭಾಗದಲ್ಲಿ, ಅಂಗೈಯಗಲದ ಮುಚ್ಚಳದಲ್ಲಿತ್ತು.

ಟ್ಯಾಂಕಿನ ಈ ಉಸಿರುಗಟ್ಟನ್ನು ವೇಪರ್ ಲಾಕ್ ಎಂಬ ಬೇರೊಂದು ಉಪದ್ರವದೊಡನೆ ಬೆರೆಸಬಾರದು. ಫಿಯೆಟ್, ಅಂಬಾಸಿಡರ್ ಕಾರುಗಳ ಕಾಲದಲ್ಲಿ ಘಾಟಿ ಹತ್ತುವಾಗ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅಲ್ಲಿ ಎಂಜಿನ್ನಿನ ಶಾಖಕ್ಕೆ ಕೊಳವೆಯೊಳಗಿನ ಪೆಟ್ರೋಲೇ ಕುದಿದು ಆವಿಯ ಗುಳ್ಳೆ ದಾರಿ ಕಟ್ಟುತ್ತಿತ್ತು. ಒದ್ದೆ ಬಟ್ಟೆಗೆ ಬಗ್ಗುವುದು ವೇಪರ್ ಲಾಕ್. ಮುಚ್ಚಳ ತೆರೆದರೆ ಬಗ್ಗುವುದು ಉಸಿರುಗಟ್ಟು. ಕಾಲು ಗಂಟೆ ಕಾದರೆ ಎರಡೂ ಬಗ್ಗುವುದರಿಂದ, ಕಾಯುವುದು ಪರೀಕ್ಷೆಯಲ್ಲ.

ಮುಚ್ಚಳ ನಿರ್ದೋಷಿಯೆಂದು ಸಿದ್ಧವಾದರೆ ಕೊಳವೆಯ ಸರದಿ. ಎರಡು ತುದಿಗಳನ್ನೂ ಬಿಡಿಸಿ ಸೈಕಲ್ ಪಂಪಿನಿಂದ ಮೆಲ್ಲಗೆ ಊದಬೇಕು. ಬಾಯಿಂದ ಊದಬಾರದು, ಹೀರಲಂತೂ ಕೂಡದು, ಪೆಟ್ರೋಲ್ ವಿಷ. ಕೊಳವೆಯಿಂದ ಹೊರಬೀಳುವ ವಸ್ತುಗಳು ಕೆಲವೊಮ್ಮೆ ಸ್ವಾರಸ್ಯಕರ: ತುಕ್ಕಿನ ಪುಡಿ, ಟ್ಯಾಂಕಿಗೆ ಒಳಗಿನಿಂದ ಬಳಿದ ಸೀಲರಿನ ಸಿಪ್ಪೆ, ಕೆಳಮೈಗೆ ಹೊಡೆದ ಡಾಂಬರಿನಂಥ ಬಣ್ಣದ ಉಂಡೆ. ಬಹುಕಾಲ ನಿಂತಿದ್ದ ಕಾರುಗಳಲ್ಲಿ ಪ್ರಧಾನ ಅಪರಾಧಿ ಮಾತ್ರ ಕುಂಬಾರ ಹುಳು. ನಮ್ಮ ಕಿಟಕಿಯ ಸಂದಿಗಳಲ್ಲೂ ಹಳೆಯ ಬೀಗದ ಕೀಲಿಕಂಡಿಯಲ್ಲೂ ಮಣ್ಣುಂಡೆ ಮೆತ್ತಿ ಮನೆ ಕಟ್ಟುವ ಈ ಕೀಟಕ್ಕೆ, ಪೆನ್ಸಿಲ್ಲಿನಷ್ಟು ದಪ್ಪದ, ಮಳೆ ಬೀಳದ, ಗಾಳಿಯಾಡದ ಬ್ರೀದರ್ ಪೈಪಿಗಿಂತ ಪ್ರಶಸ್ತವಾದ ನಿವೇಶನ ಬೇರೆ ಯಾವುದಿದೆ? ಕೊಡಗಿನಿಂದ ಬಂದ ಈ ಕಾರಿನಲ್ಲೂ ಅದರ ಹಳೆಯ ಮಣ್ಣಿನ ಮನೆಗಳು ಹೆಡ್‌ಲೈಟಿನ ಹಿಂದೆ ನಾಲ್ಕು ಸಿಕ್ಕವು.

ಪರಿಹಾರಗಳ ಹೆಸರಿನಲ್ಲಿ ನಡೆಯುವ ಅನಾಹುತಗಳನ್ನು ಕುರಿತು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಮುಚ್ಚಳಕ್ಕೆ ಡ್ರಿಲ್ಲಿನಿಂದ ತೂತು ಹೊಡೆಯುವುದು ಎಲ್ಲಕ್ಕಿಂತ ಜನಪ್ರಿಯ. ಅದರಿಂದ ಕಾರು ಓಡುವುದು ನಿಜ. ತಿರುವಿನಲ್ಲಿ ತುಂಬಿದ ಟ್ಯಾಂಕಿನಿಂದ ಪೆಟ್ರೋಲ್ ಚೆಲ್ಲಿ ಬಿಸಿ ಸೈಲೆನ್ಸರಿನ ಕಡೆಗೆ ಇಳಿಯುವುದೂ, ಕಾರು ಮಗುಚಿದರೆ ತಡೆಯಿಲ್ಲದೆ ಸುರಿಯುವುದೂ, ಮಳೆಯ ನೀರು ಒಳಸೇರುವುದೂ ಅಷ್ಟೇ ನಿಜ. ಎರಡನೆಯದು ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಟ್ಯಾಂಕಿಗೇ ಗಾಳಿ ಹೊಡೆಯುವುದು. ಚದರ ಸೆಂಟಿಮೀಟರಿಗೆ ಕಾಲು ಕಿಲೋ ಒತ್ತಡವನ್ನೂ ಸಹಿಸಲೆಂದು ನಿರ್ಮಿಸದ ತಗಡಿನ ಡಬ್ಬದೊಳಕ್ಕೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಒತ್ತಡವನ್ನು ಬಿಡುವ ಸಾಹಸವಿದು. ಮೂರನೆಯದು ಖಾಲಿ ಟ್ಯಾಂಕೆಂದು ನಂಬಿ ವೆಲ್ಡಿಂಗ್ ಮಾಡಿಸುವುದು. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಪೆಟ್ರೋಲ್ ತೆಗೆದ ಟ್ಯಾಂಕು ಭಯಂಕರ, ಏಕೆಂದರೆ ಉರಿಯುವುದು ಆವಿ. ಈ ಮೂರನೆಯದರ ವಿಷಯದಲ್ಲಿ ಮಾತ್ರ ನನಗೆ ಯಾವ ವಿನಾಯಿತಿಯೂ ತೋರುವುದಿಲ್ಲ.

ಇಂದಿನ ಪೆಟ್ರೋಲಿನ ಸಂಗತಿಯೊಂದು ಉಳಿಯಿತು. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಪ್ರಧಾನಮಂತ್ರಿಗಳು 2023ರ ಫೆಬ್ರವರಿ 6ರಂದು ಚಾಲನೆ ಕೊಟ್ಟದ್ದು, ಕಾಕತಾಳೀಯವೆಂಬಂತೆ, ಇದೇ ತುಮಕೂರು ರಸ್ತೆಯ ಮಾದಾವರದ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರದಲ್ಲಿ ನಡೆದ ಇಂಧನ ಸಪ್ತಾಹದಲ್ಲಿ. ಎಥನಾಲಿಗೆ ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸಿ ಉಬ್ಬಿಸುವ ಗುಣವೂ, ಗಾಳಿಯ ತೇವವನ್ನು ಹೀರುವ ಗುಣವೂ ಉಂಟು. ಉಬ್ಬಿದ ರಬ್ಬರ್ ಕೊಳವೆ ಒಳಗಿಂದ ಕಿರಿದಾಗುತ್ತದೆ. ಹೊರಗೆ ನೋಡಿದರೆ ಗಟ್ಟಿಮುಟ್ಟಾಗಿ ಕಾಣುತ್ತದೆ. ಆದುದರಿಂದ ಹಳೆಯ ಕಾರಿನ ಪೆಟ್ರೋಲ್ ಕೊಳವೆಗಳನ್ನು ಬದಲಾಯಿಸುವಾಗ ಉಸಿರಿನ ಕೊಳವೆಗಳನ್ನೂ ಎಥನಾಲ್ ತಡೆಯುವ ಜಾತಿಯವುಗಳಿಂದ ಬದಲಾಯಿಸುವುದು ಉಚಿತ. ಸಾಮಾನ್ಯವಾಗಿ ಮೊದಲಿನವಕ್ಕೆ ಸಿಗುವ ಗೌರವ ಎರಡನೆಯವಕ್ಕೆ ಸಿಗುವುದಿಲ್ಲ. ಪೆಟ್ರೋಲ್ ತುಂಬಿಸುವಾಗಲೂ ಉಸಿರುದಾರಿಯ ಕಡೆಗೆ ಗಮನವಿರಬೇಕು. ಬಂಕಿನ ಹುಡುಗ ಪಂಪಿನ ಪಿಸ್ತೂಲು ತಾನಾಗಿ ನಿಂತ ಮೇಲೂ “ರೌಂಡ್ ಫಿಗರ್ ಮಾಡ್ಲಾ ಸಾರ್?” ಎಂದು ಕೇಳುತ್ತಾನೆ. ಇದ್ದಿಲ ಡಬ್ಬಿಯುಳ್ಳ ಕಾರಿನವರು ಬೇಡವೆನ್ನಬೇಕು. ಆ ಕಡೆಯ ಇಪ್ಪತ್ತು ರೂಪಾಯಿಯ ಪೆಟ್ರೋಲು ಆವಿಗೆಂದು ಬಿಟ್ಟ ಜಾಗವನ್ನು ಆಕ್ರಮಿಸಿ, ದ್ರವರೂಪದಲ್ಲೇ ಡಬ್ಬಿಗೆ ಹರಿದು ಇದ್ದಿಲನ್ನು ನೆನೆಸಿ ಕೆಡಿಸುತ್ತದೆ.

ಮಿತ್ರರ ಎಂ.ಜಿ.ಬಿ.ಯಂತೆ ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ಗುರುತಿಸಿ 2021ರಲ್ಲಿ ಕೇಂದ್ರ ಸರ್ಕಾರ ರಚಿಸಿದ ನಿಯಮಗಳಲ್ಲಿ, ಅಂಥ ವಾಹನ ರಸ್ತೆಗಿಳಿಯಬಹುದಾದ ಸಂದರ್ಭಗಳನ್ನು ಹೇಳುವಾಗ ಪ್ರದರ್ಶನ, ರ‍್ಯಾಲಿಗಳ ಜೊತೆಗೆ ಇಂಧನ ತುಂಬಿಸುವುದನ್ನೂ ದುರಸ್ತಿಯನ್ನೂ ಸೇರಿಸಿದ್ದಾರೆ. ನಿಯಮ ಬರೆದವರಲ್ಲಿ ಯಾರೋ ಒಬ್ಬರು ಹಳೆಯ ಕಾರಿನ ಮಾಲೀಕರಾಗಿದ್ದಿರಬೇಕೆಂದು ನಾನು ಊಹಿಸಿಕೊಂಡಿದ್ದೇನೆ.

ಮಿತ್ರರು ಥಳಥಳಿಸುವ ಮುಚ್ಚಳವನ್ನು ತೆಗೆದು, ತುಕ್ಕು ಹಿಡಿದ ಹಳೆಯದನ್ನೇ ಉಜ್ಜಿ, ಅದರ ರಂಧ್ರವನ್ನು ಸಣ್ಣ ತಂತಿಯಿಂದ ಬಿಡಿಸಿ, ಬೆಂಡಿನ ವಾಷರ್ ಹೊಸದಾಗಿ ಕತ್ತರಿಸಿ ಹಾಕಿದರು. ಅದರ ಮುಂದಿನ ಭಾನುವಾರ ತುಂಬಿದ ಟ್ಯಾಂಕಿನೊಡನೆ ಹೊರಟವರು ಮಾದಾವರ ದಾಟಿ, ನೆಲಮಂಗಲ ದಾಟಿ, ದಾಬಸ್‌ಪೇಟೆಯಲ್ಲಿ ಇಡ್ಲಿ ತಿಂದು ಹಿಂದಿರುಗಿದೆವು. ಹೊಸ ಪಂಪನ್ನು ಆಮೇಲೆ ಬಿಚ್ಚಿ ಪೆಟ್ಟಿಗೆಗೆ ಸೇರಿಸಿದ್ದಾರೆ. ಈಗ ಕಾರಿನಲ್ಲಿ ಟಿಕ್ ಟಿಕ್ ಎನ್ನುತ್ತಿರುವುದು ಕೆಟ್ಟಿದೆಯೆಂದು ಇಳಿಸಿದ್ದ ಹಳೆಯ ಪಂಪೇ.